ರುಕ್ಮಿಣಿಬಾಯಿಯ ಹರಕೆಯ ಪ್ರಾಣಿಗಳು

ಬಸವಕಲ್ಯಾಣದಲ್ಲಿ ಕಿಲ್ಲಾದ ಕಡೆಗೆ ಹೋಗುವ ಓಣಿಯಲ್ಲಿ ನಿಂತು ಕಿರಾಣಿ ಮಹಾರುದ್ರಪ್ಪನವರ ಮನೆ ಯಾವುದೆಂದು ಕೇಳಿದರೆ, “ಶೋಕೇಸಿನ ಮನೀ ಏನ್ರಿ?” ಎಂದು ಜನ ತಿರುಗಿ ಕೇಳುತ್ತಿದ್ದ ಕಾಲವೊಂದಿತ್ತು. ಪಡಸಾಲೆಗೆ ಕಾಲಿಟ್ಟರೆ ಎದುರಿಗೇ ಗಾಜಿನ ಬಾಗಿಲಿನ ಶೋಕೇಸು. ಮೇಲಿನ ಅರೆಯಲ್ಲಿ ಇದುವರೆಗೆ ಯಾರೂ ಚಹಾ ಕುಡಿಯದ ಕಪ್ಪು-ಬಶಿಗಳು. ಕೆಳಗಿನದರಲ್ಲಿ ಮದುವೆಗಳಲ್ಲಿ ಮುಯ್ಯಿ ಬಂದ ಸ್ಟೀಲಿನ ಸಾಮಾನು. ನಡುವಿನ ಅರೆಯಲ್ಲಿ ಪ್ಲಾಸ್ಟಿಕ್ಕಿನ ಆನೆ, ಸಿಂಹ, ಜಿರಾಫೆ, ಒಂಟೆ, ಜೋಡಿ ಮಂಗ. ಅವುಗಳ ಸುತ್ತ ಒಂದಕ್ಕೊಂದು ಟಕ್ಕೆಂದು ಕೂಡುವ ಕೆಂಪು, ಹಳದಿ, ನೀಲಿ ಇಟ್ಟಿಗೆಗಳ ಗೋಡೆ. ಇಷ್ಟಕ್ಕೂ ಕೀಲಿ. ಕೀಲಿಕೈ ಮಾತ್ರ ಮನೆಯೊಡತಿ ರುಕ್ಮಿಣಿಬಾಯಿಯ ಸೊಂಟದಲ್ಲಿ.

ಆ ಆಟಿಕೆಯ ಡಬ್ಬಿ ಮನೆಗೆ ಬಂದದ್ದು ತೊಂಬತ್ತಮೂರರಲ್ಲಿ. ಮಹಾರುದ್ರಪ್ಪ ಮಸಾಲೆ ಸಾಮಾನು ತರಲು ಹೈದರಾಬಾದಿಗೆ ಹೋದವರು, ಹಾಗೇ ಅಲ್ಲಿಯ ನುಮಾಯಿಷ್ ವಸ್ತುಪ್ರದರ್ಶನ ಸುತ್ತಿ, ಮಕ್ಕಳಿಗೆಂದು ಹೊತ್ತು ತಂದಿದ್ದರು. ಮಕ್ಕಳ ವಯಸ್ಸಿನ ವಿಷಯದಲ್ಲಿ ಆ ಮನುಷ್ಯ ಯಾವಾಗಲೂ ನಾಲ್ಕು ವರ್ಷ ಹಿಂದೆ. ದೊಡ್ಡವ ಸಂಜೀವಕುಮಾರನಿಗೆ ಆಗಲೇ ಮೀಸೆ ಚಿಗುರಿತ್ತು. ಚಿಕ್ಕವ ಸತೀಶಕುಮಾರ ಡಬ್ಬಿ ತೆರೆದು ನೋಡಿ, “ಅಪ್ಪಾ, ನಾವೇನು ತೊಟ್ಟಿಲ ಕೂಸೇನು?” ಎಂದವನೇ ಬ್ಯಾಟು ಹಿಡಿದು ಹೊರಬಿದ್ದ. ದುಡ್ಡು ಕೊಟ್ಟು ತಂದ ಸಾಮಾನು ಬೀದಿಪಾಲಾಗಬಾರದು ನೋಡಿ, ರುಕ್ಮಿಣಿಬಾಯಿ ಅದನ್ನು ಶೋಕೇಸಿಗೆ ಸೇರಿಸಿದಳು. ಆಗಿನ ಮನೆಗಳಲ್ಲಿ ಅದೇ ರೀತಿ. ಅಗ್ಗದ ಆಟಿಕೆ ಮಕ್ಕಳ ಕೈಗೆ, ತುಟ್ಟಿಯದು ಬಂದವರ ಕಣ್ಣಿಗೆ.

ಇಲ್ಲಿಯವರೆಗೆ ಎಲ್ಲ ಸರಿ. ಒಂದು ಮಧ್ಯಾಹ್ನ ಗಂಡ ಅಂಗಡಿಯಲ್ಲಿ, ಮಕ್ಕಳು ಸಾಲೆಯಲ್ಲಿ ಇದ್ದಾಗ ಆಕೆ ಧೂಳು ಒರೆಸಲೆಂದು ಕೀಲಿ ತೆಗೆದಳು. ಒರೆಸುತ್ತ ಒಂದು ಇಟ್ಟಿಗೆಯ ಮೇಲೆ ಇನ್ನೊಂದನ್ನು ಒತ್ತಿದಳು. ಟಕ್! ಮತ್ತೊಂದು ಒತ್ತಿದಳು. ಗಿರಣಿಗೆ ಜೋಳ ಕಳಿಸುವುದು ಮರೆತೇಹೋಯಿತು. ಆ ರಾತ್ರಿ ಮನೆಮಂದಿಯೆಲ್ಲ ರೊಟ್ಟಿ ಬದಲು ಅನ್ನ ಉಂಡರು.

ದುಬಲಗುಂಡಿಯ ರೈತರ ಮನೆಯ ಹಿರಿಮಗಳು ಆಕೆ. ಬುದ್ಧಿ ಬಂದಾಗಿನಿಂದ ಬಗಲಲ್ಲಿ ಒಂದಲ್ಲ ಒಂದು ತಮ್ಮನೋ ತಂಗಿಯೋ. ಬಗಲು ಖಾಲಿಯಾಯಿತು ಅನ್ನುವಷ್ಟರಲ್ಲಿ ಮದುವೆ. ಹೀಗಾಗಿ ಆಟವೆಂಬುದು ಆಕೆಯ ಬಾಳಿನಲ್ಲಿ ನಲವತ್ತರ ಸುಮಾರಿಗೆ ಶುರುವಾಯಿತು. ಶುರುವಾದದ್ದು ನಿಲ್ಲಲಿಲ್ಲ.

ಡಬ್ಬಿಯ ಮುಚ್ಚಳದ ಮೇಲೆ ಪ್ರಾಣಿಸಂಗ್ರಹಾಲಯದ ಚಿತ್ರವಿತ್ತು. ಆಕೆಗೆ ಅದು ಒಂಚೂರೂ ಸೇರಲಿಲ್ಲ. ಪ್ರಾಣಿಗಳನ್ನು ಹಾಗೆ ಬಯಲಿಗೆ ಬಿಟ್ಟರೆ ರಾತ್ರಿ ಕಳವಾಗುವುದಿಲ್ಲವೇ? ಆಕೆ ಕಟ್ಟಿದ್ದು ದನದ ಕೊಟ್ಟಿಗೆ. ಸಾಲಾಗಿ ಗೂಟ, ಗೂಟಕ್ಕೊಂದು ಪ್ರಾಣಿ, ಎದುರಿಗೆ ಮೇವಿನ ಗೋದಲಿ, ಗೋದಲಿಯಲ್ಲಿ ಕಸಬರಿಗೆಯ ಕಡ್ಡಿ ಮುರಿದು ಮಾಡಿದ ಕಣಕಿ. ಸಿಂಹಕ್ಕೂ ಅದೇ ಕಣಕಿ. ಲಿಂಗವಂತರ ಮನೆ ಸೇರಿದ ಮೇಲೆ ಸಿಂಹವಾದರೇನು, ಹುಲಿಯಾದರೇನು! ಕಾಂಪೌಂಡಿನ ಮೇಲಿಂದ ಸದಾ ಇಣುಕುವ ಬಾಜೂ ಮನೆಯ ಸಖುಬಾಯಿಯ ಹೆಸರನ್ನು ಜಿರಾಫೆಗೆ ಇಟ್ಟಿದ್ದಳು. ಬಾಯಿ ದೊಡ್ಡದಾಗಿ ತೆರೆದಿದ್ದರೂ ದನಿ ಹೊರಡದ ಸಿಂಹಕ್ಕೆ ಯಾರ ಹೆಸರಿತ್ತೆಂದು ಹೇಳಿದರೆ ಮಹಾರುದ್ರಪ್ಪನವರಿಗೆ ಬೇಜಾರಾದೀತು, ಬಿಡಿ.

“ಅವ್ವಾ, ನಿನ್ನಿ ಆನಿ ಆ ಕಡಿ ಇತ್ತಲ್ಲ?” ಎಂದು ಸತೀಶ ಒಮ್ಮೊಮ್ಮೆ ಕೇಳುತ್ತಿದ್ದ.

“ಧೂಳ ಝಾಡಿಸೀನಿ. ಆನಿ ಎಲ್ಲಿದ್ರ ನಿನಗೇನು? ಅಭ್ಯಾಸ ಮಾಡು ಹೋಗು.”

ಕಿರಾಣಿ ಸಾಹುಕಾರರ ಹೆಂಡತಿ ಮಧ್ಯಾಹ್ನ ಕದ ಹಾಕಿಕೊಂಡು ಸಿಂಹಕ್ಕೆ ಮೇವು ಹಾಕುತ್ತಾಳೆಂದು ಓಣಿಗೆ ಗೊತ್ತಾದರೆ ಮಾನ ಉಳಿದೀತೇ? ಸಖುಬಾಯಿಯೊಬ್ಬಳೇ ಸಾಕು, ಸಂಜೆಯೊಳಗೆ ಚಿಟಗುಪ್ಪದವರೆಗೆ ಸುದ್ದಿ ಮುಟ್ಟಿಸುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ವರ್ಷಗಳು ಕಳೆದವು.

ಒಂದು ಸಲ ಮಂಗವೊಂದು ಕಸದಲ್ಲಿ ಸೇರಿ ಹೋಗಿಬಿಟ್ಟಿತು. ಆಕೆಗೆ ಊಟ ಸೇರಲಿಲ್ಲ. ಹುಮನಾಬಾದಿನಲ್ಲಿರುವ ತಂಗಿಯ ನೆಪ ಹೇಳಿ ಬಸ್ಸು ಹತ್ತಿ, ಅಲ್ಲಿ ಫ್ಯಾನ್ಸಿ ಸ್ಟೋರು ಇಟ್ಟಿದ್ದ ಖಮರುದ್ದೀನನ ಅಂಗಡಿಗೆ ಹೋದಳು. ಆತ ಹೈದರಾಬಾದಿನಿಂದಲೇ ಮಾಲು ತರುವವ.

“ಅಯ್ಯೋ ಅಮ್ಮಾ, ಆ ಕಂಪನಿ ಬಂದ್ ಆಗ್ಯಾದ್ರಿ. ಇನ್ನ ಆ ಮಾಲ್ ಬರಂಗಿಲ್ಲ. ಎಷ್ಟೋ ಮಂದಿ ಬಂದು ಕೇಳಿ ಹೋಗ್ತಾರ. ಇದು ನೋಡ್ರಿ, ನಯಾ ಮಾಲ್. ಡೈನೋಸಾರ್ ಅಂತಾರ.”

“ಇದೇನಪಾ, ಬಾತ ಹಲ್ಲಿ! ನಮ್ಮ ಒಂಟಿ ಬಾಜೂಕ ಇದನ್ನ ಹ್ಯಾಂಗ ಕಟ್ಟಲಿ ನಾ?”

“ನೀವು ಕಟ್ತೀರೇನ್ರಿ?”

“ನಮ್ಮ ಹುಡುಗರು ಕಟ್ತಾರ,” ಎಂದಳು ತಕ್ಷಣ. ಆ ಹುಡುಗರಲ್ಲಿ ಒಬ್ಬ ಆಗಲೇ ಕಾಲೇಜು ಮುಗಿಸಿ ಅಂಗಡಿಯ ಗಲ್ಲೆಯ ಮೇಲೆ ಕೂಡುತ್ತಿದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆಗೆ ಅಳು ಬಂತು. ಇನ್ನು ಮುಂದೆ ಇರುವುದಷ್ಟೇ. ಹೋದದ್ದು ಹೋದಂತೆ, ಯಾವ ಪೇಟೆಗೆ ಹೋದರೂ ಮತ್ತೆ ಸಿಗದು. ಅಂದಿನಿಂದ ಉಳಿದ ಪ್ರಾಣಿಗಳನ್ನು ಆಕೆ ಬಂಗಾರಕ್ಕಿಂತ ಜೋಪಾನ ಮಾಡಿದಳು.

ಎರಡು ಸಾವಿರದ ಒಂದರಲ್ಲಿ ಸಂಜೀವಕುಮಾರನಿಗೆ ಹುಮನಾಬಾದಿನ ಜಯಮಾಲಾ ಎಂಬ ಹುಡುಗಿಯ ಸಂಬಂಧ ಬಂತು. ಹುಡುಗಿಯನ್ನು ನೋಡಿ ಬಂದದ್ದಾಗಿತ್ತು. ಈಗ ಆ ಕಡೆಯವರು ಮನೆ ನೋಡಲು ಬಂದರು. ಹುಡುಗಿಯ ಅಪ್ಪ, ಅಜ್ಜಿ ಶಿವಗಂಗಾಬಾಯಿ, ಜೊತೆಗೆ ಹುಡುಗಿಯ ಅಕ್ಕ ಮತ್ತು ಅವಳ ಪುಟ್ಟ ಮಗಳು ಸ್ನೇಹಲ್. ಸುಸಲಾ, ಮಿರ್ಚಿ ಭಜಿ ತಟ್ಟೆಗೆ ಬೀಳುವ ಮೊದಲೇ ಸ್ನೇಹಲ್ ಶೋಕೇಸಿನ ಗಾಜಿಗೆ ಮೂಗು ಹಚ್ಚಿ ನಿಂತಿದ್ದಳು. “ನಂಗ ಅದು ಬೇಕು!” ಎಂದು ಹಿಡಿದ ರಾಗ ಓಣಿಯ ತುದಿಗೆ ಕೇಳುತ್ತಿತ್ತು.

ಮಹಾರುದ್ರಪ್ಪ ಧಾರಾಳಿ. “ಏ, ತೆಗೆದು ಕೊಡು ಕೂಸಿಗೆ. ಡಬ್ಬಿ ಸಮೇತ ಕೊಟ್ಟಬಿಡು. ನಮ್ಮ ಮನ್ಯಾಗ ಆಡೋರು ಯಾರದಾರ?”

ಆಡುವವಳು ಅಲ್ಲೇ ಸುಸಲಾದ ತಟ್ಟೆ ಹಿಡಿದು ನಿಂತಿದ್ದಳು. ಬೀಗರಾಗುವವರ ಮನೆಯ ಕೂಸು, ಕೊಡಲಾರೆ ಎನ್ನುವಂತಿಲ್ಲ. ಕೊಟ್ಟರೆ ಜೀವ ಹೋದಂತೆ. ಆಗ ಬಾಯಿಗೆ ಬಂದದ್ದನ್ನು ಆಕೆ ಯೋಚಿಸಿ ಆಡಲಿಲ್ಲ, ತಾನಾಗಿ ಬಂತು.

“ಮುಟ್ಟಬ್ಯಾಡ್ರಿ! ಅವು ಹರಕಿವು!”

ಹೊರಬಿದ್ದ ಸುಳ್ಳಿಗೆ ಅಂಗಿ ಚಣ್ಣ ತೊಡಿಸಬೇಕಲ್ಲ. “ನಮ್ಮ ಸಂಜೂಗ ಹತ್ತನೇತ್ತೆ ಇದ್ದಾಗ ಕಾಮಣಿ ಆಗಿತ್ರಿ. ಪಶುಪತಿಗೆ ಬೇಡಿಕೊಂಡೆ. ಪಶುಪತಿ ಅಂದಮ್ಯಾಲ ಎಲ್ಲಾ ಪಶುನೂ ಅವಂದೇ ಅಲ್ಲೇನ್ರಿ? ಅದಕ್ಕ ಇವನ್ನ ಮನ್ಯಾಗ ಇಟ್ಟು ನಡಕೋತೀನಿ, ಅವನ ಮದುವಿ ಆದಮ್ಯಾಲ ನಿನಗ ಮುಟ್ಟಸ್ತೀನಿ ಅಂತ ಹರಕಿ ಹೊತ್ತೀನ್ರಿ.”

ತನಗೆ ಕಾಮಣಿ ಆಗಿತ್ತೆಂಬುದು ಸಂಜೀವಕುಮಾರನಿಗೆ ಅಂದೇ ಗೊತ್ತಾದದ್ದು. ಹುಡುಗಿಯ ಅಪ್ಪ ಮೆಲ್ಲಗೆ ಬಗ್ಗಿ ಅವನ ಕಣ್ಣು ಹಳದಿ ಇವೆಯೇ ಎಂದು ನೋಡಿದರು. ಆದರೆ ಶಿವಗಂಗಾಬಾಯಿ ಕೋಲೂರಿ ಎದ್ದು, ಶೋಕೇಸಿನ ಮುಂದೆ ನಿಂತು, ಜಿರಾಫೆಗೆ ಭಕ್ತಿಯಿಂದ ಕೈಮುಗಿದಳು.

“ಇಂಥಾ ಭಕ್ತಿ ಇದ್ದ ಮನೀಗೆ ಕಣ್ಣ ಮುಚ್ಚಿ ಹೆಣ್ಣ ಕೊಡಬೇಕು,” ಎಂದಳು. ಸ್ನೇಹಲ್‌ಗೆ ಬಿಸ್ಕೀಟು ಸಿಕ್ಕಿತು, ಸಂಬಂಧ ಗಟ್ಟಿಯಾಯಿತು.

ಅವರು ಹೋದ ಮೇಲೆ ಮಹಾರುದ್ರಪ್ಪ ಕೇಳಿದರು: “ಹರಕಿ ಹೊತ್ತಿದ್ದು ನನಗ ಯಾಕ ಹೇಳಲಿಲ್ಲ?”

“ಎಲ್ಲಾ ಹರಕಿ ಗಂಡಸರ ಮುಂದ ಹೇಳ್ತಾರೇನ್ರಿ?”

ಮಹಾರುದ್ರಪ್ಪ ಟೋಪಿ ಏರಿಸಿ ಅಂಗಡಿಯ ದಾರಿ ಹಿಡಿದರು.

ಆಕೆ ಗೆದ್ದೆ ಎಂದುಕೊಂಡಳು. ಎಲ್ಲಿಯ ಗೆಲುವು! ಮರುದಿನವೇ ಸಖುಬಾಯಿ ತೆಂಗಿನಕಾಯಿ ಹಿಡಿದು ಬಂದಳು. ಮದುವೆಯಾಗಿ ಬಂದ ಜಯಮಾಲಾ ಅಜ್ಜಿಯ ಕೈಯಲ್ಲಿ ಬೆಳೆದ ಹುಡುಗಿ. “ಅತ್ತಿ, ನೀವು ಇಷ್ಟ ವರ್ಷ ಮಾಡೀರಿ, ಇನ್ನ ಈ ಸೇವಾ ನಂದು,” ಎಂದು ಕೀಲಿಕೈ ಇಸಿದುಕೊಂಡೇಬಿಟ್ಟಳು. ದಿನಾ ಮುಂಜಾನೆ ಪ್ರಾಣಿಗಳಿಗೆ ಸ್ನಾನ. ಆನೆಗೆ ವಿಭೂತಿ, ಒಂಟೆಗೆ ವಿಭೂತಿ, ಮಂಗಕ್ಕೆ ಹಣೆ ಸಣ್ಣದಾದ್ದರಿಂದ ಬೆನ್ನಿಗೆ ವಿಭೂತಿ. ಆಮೇಲೆ ಕೀಲಿ. ಮಧ್ಯಾಹ್ನವಿಡೀ ಸೊಸೆ ಪಡಸಾಲೆಯಲ್ಲೇ ಕೂತು ಕಸೂತಿ ಹಾಕುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ರುಕ್ಮಿಣಿಬಾಯಿ ಗಾಜಿನ ಈಚೆ ನಿಂತು ನೋಡುವುದು, ಉಸಿರು ಬಿಡುವುದು. ಕೈಬೆರಳು ಸುಮ್ಮನಿರದೆ ಅಡುಗೆಮನೆಯಲ್ಲಿ ಬೆಲ್ಲದ ತುಣುಕುಗಳನ್ನೇ ಒಂದರ ಮೇಲೊಂದು ಪೇರಿಸುತ್ತಿದ್ದಳು. ಮೈ ಇಳಿಯಿತು. ಡಾಕ್ಟರು ರಕ್ತ ಕಡಿಮೆಯಾಗಿದೆ ಎಂದು ಟಾನಿಕ್ಕು ಬರೆದುಕೊಟ್ಟರು.

ಶ್ರಾವಣ ಬಂತು. ಶಿವಗಂಗಾಬಾಯಿ ಹುಮನಾಬಾದಿನಿಂದ ಜೀಪು ಮಾಡಿಕೊಂಡು ಬಂದು ಕೂತಳು. “ಮದುವಿ ಆತು. ಹರಕಿ ಯಾವಾಗ ಮುಟ್ಟಸ್ತೀರಿ? ಬಾಕಿ ಇಟ್ರ ನಮ್ಮ ಹುಡುಗಿ ಮ್ಯಾಲ ಬರ್ತದ.”

ರುಕ್ಮಿಣಿಬಾಯಿ ಮೊಣಕಾಲು ನೋವು ಅಂದಳು. ಜೀಪು ಇದೆ ಅಂದರು. ಮಳೆ ಅಂದಳು, ಛತ್ರಿ ಇದೆ ಅಂದರು. ಕೊನೆಗೆ ಶಿವನ ಗುಡಿಗೆ ಒಯ್ದರೆ ಅಲ್ಲಿಯ ಪೂಜಾರಿ ಪ್ಲಾಸ್ಟಿಕ್ಕಿನ ಒಂಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಗುಡ್ಯಾಗ ಜಾಗಾ ಇಲ್ರಿ. ಕೆರಿಗೆ ಬಿಡ್ರಿ, ದೇವರಿಗೆ ಮುಟ್ತದ,” ಎಂದು ಕೈತೊಳೆದುಕೊಂಡ. ಹೀಗೆ ಶ್ರಾವಣ ಸೋಮವಾರ ತ್ರಿಪುರಾಂತ ಕೆರೆಯ ದಂಡೆಯ ಮೇಲೆ ಮನೆಮಂದಿ, ಬೀಗರು, ಅರ್ಧ ಓಣಿ ನೆರೆಯಿತು. ಪ್ರಾಣಿಗಳ ಬುಟ್ಟಿ ರುಕ್ಮಿಣಿಬಾಯಿಯ ತಲೆಯ ಮೇಲಿತ್ತು.

ಎಲ್ಲರೂ ನೋಡುತ್ತಿದ್ದರು. ಬಿಡಲೇಬೇಕಾಯಿತು. ಒಂದೊಂದನ್ನೇ ನೀರಿಗಿಟ್ಟಳು. ಆನೆಯನ್ನು ಮಾತ್ರ ಒಮ್ಮೆ ನೀರಿಗಿಟ್ಟು, ಮತ್ತೆ ಎತ್ತಿಕೊಂಡು, ಆಮೇಲೆ ಬಿಟ್ಟಳು. “ಎಷ್ಟ ಭಕ್ತಿ ನೋಡ್ರಿ,” ಎಂದು ಯಾರೋ ಮೂಗೆಳೆದರು.

ಆದರೆ ಒಳಗೆ ಟೊಳ್ಳಿದ್ದ ಪ್ರಾಣಿಗಳು ಮುಳುಗಬೇಕಲ್ಲ! ಒಂದಿಷ್ಟು ದೂರ ಹೋದವು, ಗಾಳಿ ತಿರುಗಿತು, ಸಿಂಹ ಮುಂದಾಗಿ ಎಲ್ಲವೂ ತೇಲುತ್ತ ಬಂದು ಆಕೆಯ ಪಾದಕ್ಕೆ ಬಡಿದವು. ಮತ್ತೆ ತಳ್ಳಿದರು, ಮತ್ತೆ ಬಂದವು.

“ದೇವರು ಒಲ್ಲೆ ಅಂದಾನ!” ಎಂದು ಸಖುಬಾಯಿ ಕೂಗಿದಳು. “ಪವಾಡ ಆಗ್ಯಾದ! ವೈನಿ, ನಿಮ್ಮ ಅಂಗಳದಾಗ ಗುಡಿ ಕಟ್ಟಸ್ರಿ. ಊರಮಂದಿ ಬರ್ತಾರ.”

“ಗರ್ಭಗುಡಿಗೆ ಗಟ್ಟಿ ಕೀಲಿ ಹಾಕಸ್ರಿ,” ಎಂದಳು ಶಿವಗಂಗಾಬಾಯಿ.

“ಎರಡೂ ಹೊತ್ತ ನಾ ಪೂಜಾ ಮಾಡ್ತೀನಿ,” ಎಂದಳು ಜಯಮಾಲಾ, ಕಣ್ಣೊರೆಸಿಕೊಂಡು.

ರುಕ್ಮಿಣಿಬಾಯಿ ಸುಮ್ಮನಿದ್ದರೆ ಮಾನವೂ ಉಳಿಯುತ್ತಿತ್ತು, ಮರ್ಯಾದೆ ಹತ್ತು ಪಟ್ಟಾಗುತ್ತಿತ್ತು. ಆಕೆ ಕಾಲ ಬುಡದಲ್ಲಿ ಹೊರಳುತ್ತಿದ್ದ ಸಿಂಹವನ್ನು ನೋಡಿದಳು. ವಿಭೂತಿ ತೊಳೆದುಹೋಗಿ ಅದು ಮೊದಲಿನಂತೆ ಹಳದಿ ಹಳದಿಯಾಗಿ ಹೊಳೆಯುತ್ತಿತ್ತು. ತಡೆಯಲಾಗಲಿಲ್ಲ.

“ಗುಡಿ ಬ್ಯಾಡ! ಪೂಜಾ ಬ್ಯಾಡ! ಹರಕಿನೂ ಇಲ್ಲ, ಕಾಮಣಿನೂ ಇಲ್ಲ, ಎಲ್ಲಾ ಸುಳ್ಳ ಹೇಳೀನಿ. ನಾ ಆಟಾ ಆಡ್ತೀನಿ ಅವುಗಳ ಜೋಡಿ. ದಿನಾ ಮಧ್ಯಾಹ್ನ ಆಡ್ತಿದ್ದೆ. ನನಗ ಆಡಾಕ ಬೇಕು ಅವು!”

“ಆಟಾ?” ಎಂದಳು ಶಿವಗಂಗಾಬಾಯಿ, ಕಿವಿಗೆ ಕೈ ಹಚ್ಚಿ. ಹಿಂದೆ ಯಾರೋ ಕಿಸಕ್ಕೆಂದರು, ನಗೆ ಒಬ್ಬರಿಂದೊಬ್ಬರಿಗೆ ಹಬ್ಬಿತು. ಮಕ್ಕಳಿಬ್ಬರೂ ನೆಲ ನೋಡಿದರು. ಅಷ್ಟರಲ್ಲಿ ಗಾಳಿ ಮತ್ತೆ ತಿರುಗಿ ಪ್ರಾಣಿಗಳು ಒಂದೊಂದಾಗಿ ನಡುನೀರಿನ ಕಡೆ ಹೊರಟಿದ್ದವು.

ನಗದೆ, ತಲೆಯನ್ನೂ ತಗ್ಗಿಸದೆ ನಿಂತವರು ಮಹಾರುದ್ರಪ್ಪ ಒಬ್ಬರೇ. ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಟೋಪಿ ತೆಗೆದು ಸೊಸೆಯ ಕೈಗೆ ಕೊಟ್ಟು, ಇಸ್ತ್ರಿಯ ಧೋತರವನ್ನು ಮೇಲೆ ಕಟ್ಟಿಕೊಂಡು, ನೀರಿಗೆ ಇಳಿದೇಬಿಟ್ಟರು. ಸೊಂಟದ ಮಟ್ಟ ಹೋಗಿ ಜಿರಾಫೆ ಹಿಡಿದರು, ಒಂಟೆ ಹಿಡಿದರು, ಎರಡನ್ನೂ ಎದೆಗವಚಿಕೊಂಡು ಅಲ್ಲಿಂದಲೇ ಕೂಗಿದರು.

“ಹುಚ್ಚೀ, ಆವಾಗ ಹೇಳಬಾರದೇನು? ಎರಡ ಡಬ್ಬಿ ತರ್ತಿದ್ನಲ್ಲ! ಈಗ ಎಲ್ಲಿಂದ ತರ್ಲಿ?”

ರುಕ್ಮಿಣಿಬಾಯಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಆದರೆ ಅಳಲು ಪುರಸೊತ್ತು ಎಲ್ಲಿ? ಸೆರಗಿನಿಂದ ಮೂಗು ಒರೆಸಿಕೊಂಡು, ಇಡೀ ಓಣಿ ನೋಡುತ್ತಿದ್ದಂತೆ, ದಂಡೆಯ ಮೇಲೆ ಅತ್ತಿಂದಿತ್ತ ಓಡುತ್ತ ಕೈ ಬೀಸಿ ಕೂಗತೊಡಗಿದಳು:

“ಎಡಕ್ಕ! ಎಡಕ್ಕ ನೋಡ್ರಿ! ಆನಿ ಹೊಂಟದ, ಮೊದಲ ಅದನ್ನ ಹಿಡೀರಿ!”