ಅತ್ತೆಗಿಟ್ಟ ಎಡೆ

ನಮ್ಮತ್ತೆ ಸತ್ತ ಮೇಲೆ ಬರುವ ಮೊದಲ ಪಿತೃಪಕ್ಷಕ್ಕೆ ಅವರ ಎಲೆಗೆ ಮಾಂಸ ಬಡಿಸಬೇಕೆಂದು ನಾನು ತೀರ್ಮಾನಿಸಿದ್ದು ಅವರು ಬದುಕಿದ್ದಾಗಲೇ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೆಲವರು ಮುಪ್ಪಿಗೆಂದು ಚಿನ್ನ ಕೂಡಿಡುತ್ತಾರೆ, ನಾನು ಈ ಒಂದು ಆಸೆಯನ್ನು ಕೂಡಿಟ್ಟಿದ್ದೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಅವರವರು ಇಷ್ಟಪಡುತ್ತಿದ್ದುದನ್ನೇ ಬಾಳೆ ಎಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು. ನಮ್ಮ ಮಾವನಿಗೆ ಮುದ್ದೆ, ತಲೆಮಾಂಸ, ಒಂದು ಕಟ್ಟು ಬೀಡಿ ಇದ್ದರೆ ಸ್ವರ್ಗ. ಆದರೆ ಅವರು ಸತ್ತ ಮೇಲೆ ಅತ್ತೆ ಅವರ ಎಡೆಗೂ ಪಾಯಸವನ್ನೇ ಇಡಿಸಿದರು. ಪಾಪ, ಆ ಮನುಷ್ಯ ಎಷ್ಟು ವರ್ಷ ಹಸಿದುಕೊಂಡು ವಾಪಸ್ಸು ಹೋದರೋ!

ಅತ್ತೆ ಐವತ್ತರ ಸುಮಾರಿಗೆ ಕೊರಳಿಗೆ ತುಳಸಿ ಮಣಿ ಹಾಕಿಸಿಕೊಂಡು ಮಾಂಸ ಬಿಟ್ಟಿದ್ದರು. ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ತಾವು ಬಿಟ್ಟದ್ದನ್ನು ನಾನೂ ಬಿಡಬೇಕೆಂದರು. ಮಗನಿಗೆ ಮಾತ್ರ ಆ ಕಟ್ಟಳೆ ಇರಲಿಲ್ಲ. ನನ್ನ ಗಂಡ ಚನ್ನಪಟ್ಟಣದ ಮಿಲ್ಟ್ರಿ ಹೋಟ್ಲಲ್ಲಿ ಹೊಟ್ಟೆ ತುಂಬ ತಿಂದು, ಎಲೆಅಡಿಕೆ ಜಗಿಯುತ್ತಾ ಮನೆಗೆ ಬಂದರೆ ಅತ್ತೆಯ ಮೂಗಿಗೆ ನೆಗಡಿ ಬಂದಿರುತ್ತಿತ್ತು. ನಾನು ಪಕ್ಕದ ಮನೆಯಲ್ಲಿ ಒಂದು ಚೂರು ಒಣಮೀನು ಬಾಯಿಗೆ ಹಾಕಿಕೊಂಡು ಬಂದರೆ ಅದೇ ಮೂಗು ಬೀದಿಯಲ್ಲೇ ಹಿಡಿಯುತ್ತಿತ್ತು. ವರ್ಷಕ್ಕೆ ಐದಾರು ಸಲ ರೇಷ್ಮೆಹುಳು ಮೇಯಿಸಿ, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಕಳಿಸುತ್ತಿದ್ದವರೂ ಅವರೇ. ಆ ಗೂಡು ಹುಳದ ಸಮೇತ ಕುದಿಯುವ ನೀರಿಗೆ ಬೀಳುತ್ತದೆಂದು ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಒಮ್ಮೆ ಕೇಳಿಯೇಬಿಟ್ಟೆ.

"ಹುಳ ಬ್ಯಾರೆ, ಕೋಳಿ ಬ್ಯಾರೆ. ಬಾಯ್ ಮುಚ್ಕೊಂಡು ಹುಳಕ್ಕೆ ಸೊಪ್ಪಾಕು," ಅಂದರು.

ಮಾಂಸ ತಿನ್ನುವುದು ಪುಣ್ಯವೆಂದು ನಾನು ಹೇಳುತ್ತಿಲ್ಲ. ಕೋಳಿಯ ಕಾಲು ಹಿಡಿದುಕೊಂಡೇ ಬೆಳೆದವಳು ನಾನು. ಅದರ ಎದೆ ಅಂಗೈಯೊಳಗೆ ಹೊಡೆದುಕೊಳ್ಳುವುದು ನನಗೆ ಗೊತ್ತು. ಸಾತನೂರಿನ ಹತ್ತಿರದ ನನ್ನ ತವರಿನಲ್ಲಿ ನಮ್ಮವ್ವ ಕುಯ್ಯುವ ಮೊದಲು ಕೋಳಿಯ ತಲೆಗೆ ಅರಿಸಿನದ ನೀರು ಚಿಮುಕಿಸಿ ಕಾಯುತ್ತಿದ್ದಳು. ಅದು ಮೈ ಕೊಡವಿದರೆ ಒಪ್ಪಿಗೆ ಕೊಟ್ಟಿತೆಂದು ಅರ್ಥ. ನೀರು ಬಿದ್ದರೆ ಯಾವ ಕೋಳಿ ತಾನೆ ಮೈ ಕೊಡವುವುದಿಲ್ಲ? ಅದೂ ಗೊತ್ತು. ಆದರೆ ಒಂದು ವರ್ಷ ಹೊಸತೊಡಕಿನ ದಿನ, ಯುಗಾದಿಯ ಮರುದಿನದ ಬಾಡೂಟಕ್ಕೆಂದು ಹಿಡಿದಿದ್ದ ಒಂದು ಹುಂಜ ಕೊಡವಲಿಲ್ಲ. ಮೂರು ಸಲ ನೀರು ಹಾಕಿದರೂ ಕಲ್ಲಿನ ಹಾಗೆ ಕೂತಿತ್ತು. ಮನೆ ತುಂಬ ನೆಂಟರು. ಅವ್ವ ಕತ್ತಿಯನ್ನು ಸೂರಿಗೆ ಸಿಕ್ಕಿಸಿ, "ಒಪ್ದೇ ಇರೋದ್ನ ಕುಯ್ಯಬಾರ್ದು," ಎಂದು ಹುರುಳಿಕಾಳು ಬೇಯಲು ಇಟ್ಟಳು. ಆ ಹುಂಜ ಇನ್ನೂ ಎರಡು ವರ್ಷ ನಮ್ಮ ಜಗಲಿಯ ಮೇಲೆ ಹೇತುಕೊಂಡು ಮೆರೆಯಿತು. ನನ್ನ ಧರ್ಮ ಅಂತ ಏನಾದರೂ ಇದ್ದರೆ ಅದು ಅವತ್ತು ಕಲಿತದ್ದು.

ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಆಯಿತು. ತುಂಬ ರಕ್ತ ಹೋಗಿ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ. ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಸುದ್ದಿ ಕೇಳಿ ಅವ್ವ ಮೇಕೆ ಕಾಲು ಸುಟ್ಟು, ಮೆಣಸು ಬೆಳ್ಳುಳ್ಳಿ ಅರೆದು ಸೂಪು ಮಾಡಿ, ಟಿಫನ್ ಕ್ಯಾರಿಯರಿಗೆ ಬಟ್ಟೆ ಸುತ್ತಿ, ಸಾತನೂರಿನಲ್ಲಿ ಬಸ್ ಹತ್ತಿ, ಹೊಂಗನೂರಿನಲ್ಲಿಳಿದು, ಅಲ್ಲಿಂದ ನಮ್ಮೂರಿಗೆ ಬಿಸಿಲಲ್ಲಿ ನಡೆದು ಬಂದಳು.

"ಬಾಣ್ತಿಗೆ ಒಸಿ ಕುಡ್ಸಕ್ಕ, ಸೊಂಟಕ್ಕೆ ಬಲ ಬತ್ತದೆ," ಅಂದಳು.

ಅತ್ತೆ ಕ್ಯಾರಿಯರನ್ನು ಎರಡು ಬೆರಳಲ್ಲಿ ಹಿಡಿದು, ನೇರ ತಿಪ್ಪೆಗೆ ಹೋಗಿ ಸುರಿದರು. "ದೇವ್ರಿರೋ ಮನೆ ಇದು. ಇನ್ನೊಂದ್ ಸಲ ತರ್ಬ್ಯಾಡ," ಅಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಾಯಿಗಳು ಬಂದವು. ಅವ್ವ ಕ್ಯಾರಿಯರ್ ತೊಳೆದುಕೊಂಡು, ಮಗುವಿನ ಮುಖ ನೋಡಿ, ಬಸ್ಸಿಗೆ ಹೋದಳು. ಸಾಯುವವರೆಗೂ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅವಳು ಸತ್ತಾಗ ತವರಿನಿಂದ ನಾನು ಕೇಳಿ ತಂದದ್ದು ಆ ಕ್ಯಾರಿಯರ್ ಒಂದನ್ನೇ.

ಕೊನೆಗೊಂದು ದಿನ ಅತ್ತೆಯೂ ಹೋದರು. ಪಿತೃಪಕ್ಷ ಬಂತು. ಚನ್ನಪಟ್ಟಣದಿಂದ ತಲೆಮಾಂಸ, ಮೇಕೆ ಕಾಲು ತರಿಸಿದೆ. ಇಪ್ಪತ್ತು ವರ್ಷದ ಮೇಲೆ ಆ ಮನೆಯ ಒಲೆಯಲ್ಲಿ ಮಾಂಸದ ಮಸಾಲೆ ಕುದಿಯಿತು. ಮೊದಲು ಮಾವನಿಗೆ ಹೊಟ್ಟೆ ತುಂಬ ಬಡಿಸಿದೆ. ಆಮೇಲೆ ಅತ್ತೆಯ ಫೋಟೋ ಮುಂದೆ ಎಲೆ ಹಾಸಿ, ಅನ್ನಕ್ಕೆ ತಲೆಮಾಂಸ ಬಡಿಸಿ, ಪಕ್ಕದಲ್ಲಿ ಅವ್ವನ ಕ್ಯಾರಿಯರ್ ತುಂಬ ಕಾಲು ಸೂಪು ಇಟ್ಟೆ. ಫೋಟೋದಲ್ಲೂ ಕೊರಳಲ್ಲಿ ಮಣಿ. ಎಷ್ಟು ಖುಷಿಯಾಯಿತೆಂದರೆ ಎಲೆಗೆ ಇನ್ನೊಂದು ಸೌಟು ಬಡಿಸಿದೆ.

ಬಾಗಿಲಲ್ಲಿ ನಿಂತಿದ್ದ ಗಂಡ ಮೆಲ್ಲಗೆ, "ಬ್ಯಾಡ ಕಣಮ್ಮಿ. ಅಪ್ಪಂಗೆ ಪಾಯ್ಸ ಇಕ್ದಾಗ, ಸತ್ತೋರ ಹೊಟ್ಟೆ ಉರಿಸ್ತಾರೆ ಅಂತ ನೀನೇ ಬೈತಿದ್ದೆ," ಅಂದರು.

"ಮಿಲ್ಟ್ರಿ ಹೋಟ್ಲಲ್ಲಿ ಉಂಡೋರು ಸುಮ್ನೆ ಕೂತ್ಕಳಿ," ಅಂದೆ.

ಅಂದೆನೇನೋ ನಿಜ, ಬಾಗಿಲು ಮುಚ್ಚಲು ಕೈ ಬರಲಿಲ್ಲ. ಸತ್ತವರು ಬಂದು ಉಣ್ಣುತ್ತಾರೆಂದು ನಂಬಿದರೆ, ಬೇಡವೆಂದವರ ಬಾಯಿಗೆ ತುರುಕುತ್ತಿದ್ದೇನೆ. ನಂಬದಿದ್ದರೆ, ಒಂದು ಫೋಟೋದ ಮೇಲೆ ಎಂಥ ಸೇಡು? ನಾನು ನಂಬುವವಳು. ಅದೇ ಕಷ್ಟಕ್ಕಿಟ್ಟುಕೊಂಡಿತು. ಸಾಲದ್ದಕ್ಕೆ ಆ ಹಾಳು ಹುಂಜ ನೆನಪಾಯಿತು. ಈ ಹೆಂಗಸಿನ ತಲೆಗೆ ಮೂರು ಕೊಡ ನೀರು ಸುರಿದರೂ ಮೈ ಕೊಡವುವವಳಲ್ಲ.

ಎಲೆ ಬದಲಿಸಿದೆ. ಮನೆಯವರ ಊಟಕ್ಕೆಂದು ಮಾಡಿದ್ದ ಕುಂಬಳಕಾಯಿ ಪಲ್ಯ, ಅನ್ನ, ಪಾಯಸ ಬಡಿಸಿದೆ. ಅದೂ ಬೇರೆ ಸೌಟಿನಲ್ಲಿ, ಅವರೇ ಕಲಿಸಿದ ಹಾಗೆ. ಕ್ಷಮಿಸಿದೆನೆಂದು ಮಾತ್ರ ಯಾರೂ ತಿಳಿಯಬೇಡಿ. ಹಿರಿಯರು ಉಣ್ಣುವಾಗ ಒಳಗೆ ಯಾರೂ ಇರಬಾರದು. ಎಲ್ಲರೂ ಹೊರಗೆ ಹೋದರು, ನಾನು ಹೋಗಲಿಲ್ಲ. ಒಳಗಿನಿಂದ ಚಿಲಕ ಹಾಕಿ, ಅತ್ತೆಯ ಎದುರು ಚಕ್ಕಂಬಕ್ಕಳ ಹಾಕಿ ಕೂತು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡೆ.

"ನಿಮ್ದು ನೀವುಣ್ಣಿ ಅತ್ತೆ," ಅಂದೆ. "ನಮ್ಮವ್ವ ತಂದಿದ್ದು ನಂಗೆ."

ಮೆಣಸು ಕಮ್ಮಿಯಾಗಿತ್ತು, ಅವ್ವನ ಕೈರುಚಿ ಬಂದಿರಲಿಲ್ಲ. ಆದರೂ ಅತ್ತೆಯ ಕಣ್ಣಿನಿಂದ ಕಣ್ಣು ಕೀಳದೆ, ಒಂದು ತೊಟ್ಟೂ ಉಳಿಸದೆ ಕುಡಿದೆ.