ಅವ್ವ ಕೂತ ಜಾಗ

ಸತ್ತವರನ್ನು ಮರೆಯುವುದಕ್ಕೆ ನಮ್ಮ ಜನಕ್ಕೆ ಒಂದು ಅನುಕೂಲವಾದ ಮಾತು ಸಿಕ್ಕಿದೆ: ಶಿವನ ಪಾದ ಸೇರಿದರು. ಸೇರಿದ ಮೇಲೆ ತಿಥಿ ಇಲ್ಲ, ಪಿಂಡ ಇಲ್ಲ, ಮಣ್ಣಿನ ಹಂಗೂ ಇಲ್ಲ. ಮಾತು ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೇ ಜನ ಮಠದ ಸ್ವಾಮಿಗಳ ಗದ್ದುಗೆಗೆ ಸೋಮವಾರ ಸೋಮವಾರ ಹೂವು ಹೊರುತ್ತಾರೆ. ಸ್ವಾಮಿಗಳು ಸೇರಿದ್ದು ಒಬ್ಬ ಶಿವನನ್ನು, ನಮ್ಮ ಅವ್ವ ಸೇರಿದ್ದು ಇನ್ನೊಬ್ಬನನ್ನೋ ಏನೋ, ಯಾರೂ ಇದುವರೆಗೆ ನನಗೆ ಬಿಡಿಸಿ ಹೇಳಿಲ್ಲ.

ನನ್ನ ತವರು ನಂಜನಗೂಡಿನಿಂದ ಹೆಮ್ಮರಗಾಲದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ನನಗೆ ಏಳು ವರ್ಷವಿದ್ದಾಗ ಅವ್ವ ಜ್ವರದಲ್ಲಿ ಹೋದಳು. ಊರ ಹಿಂದಿನ ಸಮಾಧಿ ನೆಲದಲ್ಲಿ, ನಮ್ಮವರನ್ನೆಲ್ಲ ಇಡುವ ಹಾಗೆಯೇ, ಗುಂಡಿಯೊಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಹಾಕಿ ಮುಚ್ಚಿದರು. ಮೇಲೆ ಅಪ್ಪ ಒಂದು ಚಪ್ಪಡಿ ಹಾಕಿಸಿದ. ಅದರಲ್ಲಿ ಲಿಂಗ, ಲಿಂಗದ ಮುಂದೆ ಬಸವ. ಕಲ್ಲುಕುಟಿಗನ ಉಳಿ ಜಾರಿ ಬಸವನ ಒಂದು ಕೊಂಬು ಹಾರಿಹೋಗಿ ಅಲ್ಲೊಂದು ಕುಳಿ ಬಿದ್ದಿತ್ತು. ಹುಲ್ಲು ಕೊಯ್ಯಲು ಹೋದಾಗೆಲ್ಲ ಆ ಕುಳಿಯಲ್ಲಿ ಬೆರಳಿಟ್ಟುಕೊಂಡು ಅವ್ವನ ಹತ್ತಿರ ಮಾತಾಡಿ ಬರುತ್ತಿದ್ದೆ.

ಮೂರು ವರ್ಷಕ್ಕೆ ಪ್ಲೇಗು ಬಂತು. ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಮತ್ತೆ ಹಳೆಯ ಮನೆಗಳ ಬಾಗಿಲು ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ. ಹಳ್ಳದ ಈಚೆ ದಿಣ್ಣೆಯ ಮೇಲೆ ಹೊಸ ಊರು ಎದ್ದಿತು. ಅದು ಏಳುವ ಹೊತ್ತಿಗೆ ನನ್ನನ್ನು ನರಸೀಪುರದ ಆಚೆ, ಸೋಮನಾಥಪುರದ ಮಗ್ಗುಲಿಗೆ ಮದುವೆ ಮಾಡಿ ಕಳಿಸಿದ್ದರು. ಎರಡು ಬಾಣಂತನಕ್ಕೂ ತವರಿಗೆ ಬಂದೆ. ಬಾಣಂತಿ ಸಮಾಧಿಯ ಕಡೆ ತಲೆ ಹಾಕಬಾರದೆಂದು ನನಗೆ ನೀರು ಎರೆಯುತ್ತಿದ್ದ ಸೋದರತ್ತೆ ಕಟ್ಟಪ್ಪಣೆ ಮಾಡಿದ್ದಳು.

ಹಾಗಾಗಿ ಅಲ್ಲಿಗೆ ಮತ್ತೆ ಕಾಲಿಟ್ಟದ್ದು ತಮ್ಮನ ಮದುವೆಗೆ ಬಂದಾಗಲೇ. ಅವ್ವನ ಮುಂದೆ ಒಂದು ಕಾಯಿ ಒಡೆದು ಬರೋಣವೆಂದು ಹೋದರೆ, ಆಳೆತ್ತರದ ಪಾಪಾಸುಕಳ್ಳಿ. ಕಳ್ಳಿಯಿಲ್ಲದ ಕಡೆಯಲ್ಲೆಲ್ಲ ಪಟೇಲರ ಹುರುಳಿ. ಹುಡುಕಿದರೂ ಒಂದು ಕಲ್ಲಿಲ್ಲ. ಕಾಯಿ ಕೈಯಲ್ಲೇ ಹಿಡಿದು ನೆಟ್ಟಗೆ ಪಟೇಲರ ಜಗುಲಿಗೆ ಹೋದೆ.

"ಸರ್ಕಾರದ ಲೆಕ್ಕದಾಗೆ ಅದು ಖರಾಬು ಕಣವ್ವ. ಸುಮ್ಕೆ ಬಿದ್ದಿತ್ತು, ಉಳ್ಳಿ ಚೆಲ್ದೆ" ಅಂದರು.

ಖರಾಬು ಎಂದರೆ ಯಾವ ಉಪಯೋಗಕ್ಕೂ ಬಾರದ ನೆಲ. ಹತ್ತು ತಲೆಮಾರು ಕೂತಿರುವ ನೆಲಕ್ಕೆ ಶಾನುಭೋಗರ ಲೇಖಣಿ ಕೊಟ್ಟ ಹೆಸರು ಅದು. ನನಗೆ ಮೈಯೆಲ್ಲ ಉರಿಯಿತು.

"ನಿಮ್ ತಾತಾನೂ ಅಲ್ಲೇ ಕೂತವ್ರಲ್ಲ, ಅವ್ರ ತಲೆ ಮ್ಯಾಲೂ ನೇಗ್ಲು ಓಡ್ಸಿದ್ರಾ?" ಎಂದು ಕೇಳಿದೆ.

ಪಟೇಲರ ಮುಖ ಕಪ್ಪಿಟ್ಟಿತು. "ನಾನು ಉತ್ತಿದ್ದು ಮಣ್ಣ. ಕಲ್ಲು ಎಲ್ಲೋದೊ ಅಂತ ನಿಮ್ಮಪ್ಪುನ್ನ ಕೇಳೋಗು" ಅಂದರು.

ಅಲ್ಲಿಂದ ಮನೆಯವರೆಗೆ ತಲೆ ತಗ್ಗಿಸಿ, ಕಾಲ ಕೆಳಗೆ ನೋಡುತ್ತಾ ಬಂದೆ. ಬಾವಿಯ ಮೆಟ್ಟಿಲಿನ ಅಂಚಿನಲ್ಲಿ ಅರ್ಧ ಲಿಂಗ ಕಂಡಿತು. ಒಂದು ಮನೆಯ ಹೊಸ್ತಿಲ ಮುಂದೆ ಬಸವನ ಬಾಲ. ಅವಸರದಲ್ಲಿ ಊರು ಕಟ್ಟಿದವರಿಗೆ ಕೈಗೆ ಸಿಕ್ಕಿದ್ದು ಅವರವರ ತಾಯಿ ತಂದೆಯ ಕಲ್ಲುಗಳೇ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಚಪ್ಪಡಿ ಇದ್ದದ್ದು ಬಚ್ಚಲಲ್ಲಿ ಮಾತ್ರ; ಮನೆಗೆ ಬಂದವಳು ನೆಟ್ಟಗೆ ಅಲ್ಲಿಗೇ ಹೋದೆ. ಹಾಸಿದ್ದ ಚಪ್ಪಡಿಯ ಒಂದು ಮೂಲೆಯನ್ನು ನೀರು ಹರಿಯಲೆಂದು ಎತ್ತರಿಸಿದ್ದರು. ಅದರ ಕೆಳಗೆ ಕೈ ತೂರಿಸಿದೆ. ಪಾಚಿಯ ನಡುವೆ ಒಂದು ಕೊಂಬು ಸಿಕ್ಕಿತು. ಅದರ ಪಕ್ಕದಲ್ಲಿ ಕುಳಿ.

ಅಪ್ಪ ಬಂದು ಬಾಗಿಲಲ್ಲಿ ನಿಂತ. ನಾಚಿಕೆ ಪಡುತ್ತಾನೆಂದುಕೊಂಡೆ.

"ಬೋರಲಾಕಿವ್ನಿ ಕಣವ್ವ. ಲಿಂಗ ತುಳೀಬಾರ್ದು ಅಂತ" ಅಂದ. "ನಾನು ತರ್ದೇ ಇದ್ದಿದ್ರೆ ಇನ್ಯಾರೋ ಕೊಟ್ಟಿಗೆಗೆ ಆಕೋತಿದ್ರು."

ಎರಡು ಬಾಣಂತನದಲ್ಲಿ ನಾನು ಆ ಕಲ್ಲಿನ ಮೇಲೆ ಕೂತು ನೀರು ಹಾಕಿಸಿಕೊಂಡಿದ್ದೆ. ಅವ್ವ ಇದ್ದಿದ್ದರೆ ತಾನೇ ಎರೆಯುತ್ತಿದ್ದಳೆಂದು, ಸುಡುನೀರಿನ ಜೊತೆ ಕಣ್ಣೀರೂ ಹೋಗಲೆಂದು, ಅಲ್ಲೇ ಅತ್ತಿದ್ದೆ. ಅದನ್ನು ಅಪ್ಪ ಹಜಾರದಲ್ಲಿ ಕೂತು ಕೇಳಿಸಿಕೊಂಡಿದ್ದ.

ಮದುವೆ ಮನೆ, ನೆಂಟರಿದ್ದಾರೆ, ನಾಳೆ ನೋಡೋಣ ಎಂದು ಮನೆಯವರೆಲ್ಲ ಹೇಳಿದರು. ನಾನು ಕೇಳಲಿಲ್ಲ. ಮದುಮಗನಾದ ತಮ್ಮನ ಕೈಗೇ ಹಾರೆ ಕೊಟ್ಟು ಕಲ್ಲು ಎಬ್ಬಿಸಿದೆ. ತೊಳೆದು, ಗಾಡಿಗೆ ಹೇರಿಸಿ, ಅಪ್ಪನನ್ನೂ ಹತ್ತಿಸಿಕೊಂಡು ಹಳ್ಳ ದಾಟಿದೆವು.

"ಎಲ್ಲಿ ಇಡ್ಬೇಕು, ತೋರ್ಸು" ಅಂದೆ.

ಅಪ್ಪ ಕಳ್ಳಿಯ ಬುಡದಲ್ಲಿ ನಿಂತು "ಇಲ್ಲೇಯ" ಅಂದ. ತಮ್ಮ ಅಗೆಯಲು ಹೊರಟರೆ ತಡೆದು, ಹತ್ತು ಹೆಜ್ಜೆ ಆಚೆ ಹೋಗಿ "ಇಲ್ಲ, ಇಲ್ಲಿರ್ಬೇಕು" ಅಂದ. ಆಮೇಲೆ ಹುರುಳಿಯ ಸಾಲಿಗಿಳಿದ. ಮತ್ತೆ ಹಿಂದಕ್ಕೆ ಬಂದ. ಗುರುತಿಗೆ ಇದ್ದದ್ದು ಆ ಕಲ್ಲು ಒಂದೇ, ಅದನ್ನು ತಾನೇ ಎತ್ತಿಕೊಂಡು ಹೋಗಿದ್ದ.

ಕೊನೆಗೆ ಹುರುಳಿಯ ನಡುವೆಯೇ ಅದನ್ನು ನೆಟ್ಟಗೆ ನಿಲ್ಲಿಸಿ ಹೂಳಿಸಿದೆ, ಪಟೇಲರ ನೇಗಿಲಿಗೆ ಅಡ್ಡವಾಗಲೆಂದು. ಅಪ್ಪನನ್ನು ಇವತ್ತಿಗೂ ಕ್ಷಮಿಸಿಲ್ಲ. ಲಿಂಗ ತುಳಿಯಬಾರದೆಂದು ಅಷ್ಟು ಜೋಪಾನ ಮಾಡಿದ ಮನುಷ್ಯ ಆವತ್ತು ಜಾಗ ಹುಡುಕುತ್ತಾ ಅವ್ವನ ತಲೆಯ ಮೇಲೆ ಎಷ್ಟು ಸಲ ನಡೆದನೋ, ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ.