ಕಿಟಕಿ ಮುಚ್ಚಿದ ಕೂಲರು

ಕೂಲರಿನ ಹಳೆಯ ಹುಲ್ಲು ಕಿತ್ತು, ಹೊಸದು ತುಂಬಿ, ಮೊದಲ ಸಲ ನೀರು ಬಿಟ್ಟಾಗ ಒಂದು ವಾಸನೆ ಬರುತ್ತದೆ. ಒದ್ದೆ ಕಟ್ಟಿಗೆ, ಸ್ವಲ್ಪ ಮಣ್ಣು, ಸ್ವಲ್ಪ ತುಕ್ಕು. ಮೊನ್ನೆ ಭಾನುವಾರ ಸೇಡಂನ ನಮ್ಮ ಮನೆಯಲ್ಲಿ ಆ ವಾಸನೆ ಎದ್ದದ್ದೇ ತಡ, ಮಗಳಿಗೆ ಅಪ್ಪನ ಕೂಲರಿನ ಕತೆ ಶುರು ಮಾಡಿದೆ. ನಿಮಗೂ ಹೇಳುತ್ತೇನೆ, ಆದರೆ ಎಚ್ಚರ: ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಅಷ್ಟು ಸಲ ಹೇಳಿದ ಕತೆಗೆ ಎಲ್ಲ ಕಡೆಯೂ ಪಾಲಿಶ್ ಹತ್ತಿರುತ್ತದೆ; ನಂಬಬಾರದು. ಆ ದಿನ ಇನ್ನೊಂದು ತೊಂದರೆಯಿತ್ತು. ಅಪ್ಪ ಎದುರಿಗೇ ಕೂತಿದ್ದ.

ಆಗ ನಾವು ವಾಡಿಯಲ್ಲಿದ್ದೆವು. ಮನೆಯ ನೆಲ ಶಹಾಬಾದ್ ಕಲ್ಲು, ಗೋಡೆ ಅದೇ, ಛಾವಣಿಗೆ ಹಾಸಿದ್ದೂ ಅದೇ. ಏಪ್ರಿಲ್ ಬಂತೆಂದರೆ ಛಾವಣಿ ದಿನವಿಡೀ ಬಿಸಿಲು ಕುಡಿದು ನಮ್ಮ ಮೇಲೆ ಉಗುಳುತ್ತಿತ್ತು. ಉಳಿದವರಿಗೆ ರಾತ್ರಿ ಮಲಗಲು ಮಾಳಿಗೆಯಿತ್ತು. ಸಂಜೆ ಕೊಡಗಟ್ಟಲೆ ನೀರು ಸುರಿದು, ಕಲ್ಲು ಚುಂಯ್ ಅಂದು ಸುಮ್ಮನಾದ ಮೇಲೆ ಹಾಸಿಕೊಂಡರಾಯಿತು. ಅಪ್ಪನಿಗೆ ಆ ಭಾಗ್ಯವಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಅವನದು ರಾತ್ರಿ ಪಾಳಿ. ಊರೆಲ್ಲ ಬೇಯುವ ಹೊತ್ತಿಗೆ ಅವನು ಮಲಗಬೇಕು. ಹಗಲು ಮಲಗುವವರಿರುವ ಮನೆಯ ಶಿಷ್ಟಾಚಾರವೇ ಬೇರೆ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಅವ್ವ ಓಡಿಹೋಗಿ ಉರಿ ಸಣ್ಣ ಮಾಡುತ್ತಿದ್ದಳು. ಕಾಯಿಪಲ್ಲೆಯವಳ ಜೊತೆ ಜಗಳವೂ ಕೈಸನ್ನೆಯಲ್ಲೇ.

ಆ ಬೇಸಿಗೆ ಅಪ್ಪ ಕಾರ್ಖಾನೆಯಲ್ಲಿ, ಕಲ್ಲು ಹೊತ್ತು ಓಡುವ ಬೆಲ್ಟಿನ ಪಕ್ಕ ನಿಂತಲ್ಲೇ ತೂಕಡಿಸಿದ. ಮೇಸ್ತ್ರಿ ನೋಡಿಬಿಟ್ಟ. ಇನ್ನೊಮ್ಮೆ ಕಣ್ಣು ಮುಚ್ಚಿದರೆ ಕೆಲಸವಿಲ್ಲ ಎಂದ. ಕೆಲಸ ಹಾಗಿರಲಿ, ಆ ಬೆಲ್ಟಿಗೆ ಸಿಕ್ಕರೆ ಕೈಯೇ ಇಲ್ಲ. ಅಪ್ಪ ನಿದ್ದೆ ಮಾಡಲೇಬೇಕಿತ್ತು. ಮರುದಿನವೇ ಶಹಾಬಾದಿನಿಂದ ತಗಡಿನ ಕೂಲರು ಬಂತು, ಆಟೋದ ಬೆನ್ನಿಗೆ ಹಗ್ಗ ಕಟ್ಟಿಸಿಕೊಂಡು.

"ಆಗ ನಿಮ್ಮ ಮುತ್ಯಾ ಏನು ಮಾಡಿದ ಗೊತ್ತಾ?" ಎಂದೆ ಮಗಳಿಗೆ. "ತಂಪು ಹೊರಗ ಹೋಗ್ತದಂತ ಎಲ್ಲ ಕಿಡಕಿ ಮುಚ್ಚಿ, ಸಂದಿಗೆ ಗೋಣಿಚೀಲ ತುರುಕಿದ!"

ಕೂಲರಿಗೆ ಎದುರು ಕಿಟಕಿ ತೆರೆದಿರಬೇಕು. ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ನೀರು ಕಾಯಿಸುವ ಹಂಡೆಯಾಗುತ್ತದೆ. ನಮ್ಮ ಕಡೆ ಈಗ ಇದು ಎಲ್ಲರಿಗೂ ಗೊತ್ತು, ಹಾಗಾಗಿ ಕೇಳುವವರು ಇಲ್ಲಿ ನಗುತ್ತಾರೆ. ಮಗಳೂ ನಕ್ಕಳು. ಅಪ್ಪ ನಗಲಿಲ್ಲ.

"ಮುಚ್ಚಿದಾಂವ ನಾ ಅಲ್ಲೋ, ನೀನೇ."

"ನಾನಾ?"

"ಮತ್ತ್ಯಾರು? ಬಿಎಸ್ಸಿ ಓದಾಕತ್ತಿದ್ದಿ. ಚಿತ್ತಾಪುರದಾಗ ಯಾವುದೋ ಬ್ಯಾಂಕಿನ ಎಸಿ ನೋಡಿ ಬಂದಿದ್ದಿ. ಬಾಗಲಾ ತೆರೀಬ್ಯಾಡ್ರಿ ಅಂತ ಬೋರ್ಡ್ ಹಚ್ಚ್ಯಾರಂತ. ಮನ್ಯಾಗ ಒಂದು ತಾಸು ಭಾಷಣ!"

ಆಶ್ಚರ್ಯವೆಂದರೆ, ಅವನು ಹೇಳಿದ್ದೇ ತಡ, ಗೋಣಿಯ ನಾರು ನನ್ನ ಬೆರಳಿಗೇ ಚುಚ್ಚಿದ್ದು ನೆನಪಾಯಿತು. ಅಥವಾ ಅವನು ಹೇಳಿದ್ದಕ್ಕೇ ನೆನಪು ಹುಟ್ಟಿತೋ, ಆಣೆ ಮಾಡಲಾರೆ.

ಅಪ್ಪ ಮೊಮ್ಮಗಳ ಕಡೆ ತಿರುಗಿದ. "ಮೂರು ದಿವಸ ಬರೇ ಕಣ್ಣು ಮುಚ್ಚಿ ಬಿದ್ದಿದ್ದೆ, ನನ್ನವ್ವಾ. ಮೈತುಂಬ ಬೆವರು. ಪಾಳ್ಯಾಗ ನಿದ್ದಿ ಬರಬಾರದಂತ ತೊಡಿ ಚಿವುಟಿಕೋತಿದ್ದೆ."

ನಾಲ್ಕನೆಯ ದಿನ ಪಕ್ಕದ ಮನೆಯ ಖಾಜಾ ಚಾಚಾ ಬಂದರು. ಮೋಟಾರು ರಿಪೇರಿ ಅವರ ಕೆಲಸ. ಕೋಣೆಯ ಬಾಗಿಲು ತೆಗೆದವರೇ ಒಂದು ಹೆಜ್ಜೆ ಹಿಂದೆ ಸರಿದರು. "ಅರೇ ಭಾಯ್, ಮನುಷ್ಯಾಗ ಮಲಗಿಸೀರೋ, ಇಡ್ಲಿಗತೆ ಬೇಸಾಕತ್ತೀರೋ? ತೆಗೀರಿ ಆ ಚೀಲ!" ಚೀಲ ಕಿತ್ತರು. ಆ ಸಂಜೆ ಅಪ್ಪನನ್ನು ಪಾಳಿಗೆ ಎಬ್ಬಿಸಲು ಅವ್ವ ಎರಡೂ ಭುಜ ಹಿಡಿದು ಅಲುಗಿಸಬೇಕಾಯಿತು. ಇಷ್ಟರ ಮಟ್ಟಿಗೆ ಅಪ್ಪನ ಕತೆ, ನನ್ನ ಕತೆ ಎರಡೂ ಒಂದೇ. ಮೇಸ್ತ್ರಿ ಮತ್ತೆ ಬಾಯಿ ತೆರೆಯುವ ಪ್ರಸಂಗ ಬರಲಿಲ್ಲ. ಅಪ್ಪ ಅದೇ ಕಾರ್ಖಾನೆಯಿಂದ ಹತ್ತೂ ಬೆರಳಿನೊಂದಿಗೆ ನಿವೃತ್ತನಾದ.

"ಮೂರು ದಿನ ಯಾಕ ಸುಮ್ಮನಿದ್ದಿ ಅಪ್ಪ? ಒಂದು ಮಾತು ಹೇಳಬಾರದಿತ್ತಾ?"

ಅಪ್ಪ ಲುಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡ. "ಅಲ್ಲಿತನಕ ಮನಿಗೆ ಉಪಯೋಗ ಆಗೋ ಮಾತು ಒಂದೂ ಆಡಿದಾಂವಲ್ಲ ನೀ. ಅದೇ ಮೊದಲನೇದು. ನನ್ನ ಮಗ ಭಾಳ ಶಾಣ್ಯಾ ಅಂತ ನಿಮ್ಮವ್ವ ಓಣಿತುಂಬ ಹೇಳಿಕೋತ ಅಡ್ಡಾಡಾಕತ್ತಿದ್ಲು. ಹ್ಯಾಂಗ ಹೇಳ್ಲಿ?"

ಮಗಳು ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದಳು. ಎದ್ದು, "ಮುತ್ಯಾ, ನೀನೇ ಹೇಳು, ಮೊದಲಿಂದ" ಎಂದಳು. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡ. ನಾನು ನೆಲದ ಮೇಲೆ ಕೂತು, ನನ್ನ ಕತೆಯೊಳಗೆ ಎಂದೂ ಕಾಲಿಡದ ಆ ಬಿಎಸ್ಸಿಯವನು ಯಾವಾಗ ಬರುತ್ತಾನೋ ಎಂದು ಕಾಯತೊಡಗಿದೆ.